ಬೋನಿನಲ್ಲಿ ನಿಲ್ಲದ ಚೂರು

ಪರೀಕ್ಷಾಲಯದಲ್ಲಿ ಅವಳ ನಿಜವಾದ ಹೆಸರು ಸಂಬಳದ ದಿನ ಮಾತ್ರ ಕೇಳಿಬರುತ್ತಿತ್ತು. ಉಳಿದ ದಿನಗಳಲ್ಲಿ ಅವಳು ಬೋನಕ್ಕ. ಮಾಸ್ ಸ್ಪೆಕ್ಟ್ರೋಮೀಟರ್ ಎಂಬ ನಾಲಿಗೆ ತಿರುಚುವ ಹೆಸರಿನ ಯಂತ್ರ ಬಂದ ಹೊಸದರಲ್ಲಿ, ಅದರ ಹೊಟ್ಟೆಯೊಳಗೆ ಕಣಗಳನ್ನು ಹಿಡಿದಿಡುವ ಪುಟ್ಟದೊಂದು ಬೋನು ಇದೆ ಎಂದು ಅವಳು ಉತ್ಸಾಹದಿಂದ ಎಲ್ಲರಿಗೂ ವಿವರಿಸಿದ್ದೇ ತಪ್ಪಾಯಿತು. ಅಂದಿನಿಂದ ಯಂತ್ರ ಬೋನಾಯಿತು, ಅವಳು ಬೋನಕ್ಕ ಆದಳು. "ಇವತ್ತು ಎಷ್ಟು ಇಲಿ ಬಿತ್ತಕ್ಕ?" ಎಂದು ಗೇಟಿನ ಕಾವಲುಗಾರ ಸಂಜೆ ಸಂಜೆ ಕೇಳುತ್ತಿದ್ದ. ಮೊದಮೊದಲು ಅವಳು ನಕ್ಕು ಒಂದು ಲೆಕ್ಕ ಹೇಳುತ್ತಿದ್ದಳು. ಈಚೆಗೆ ಕೈಯೆತ್ತಿ, ಸುಮ್ಮನೆ ಮುಂದೆ ಹೋಗಿಬಿಡುತ್ತಿದ್ದಳು.

ಐವತ್ತು ದಾಟಿದ ಮೇಲೆ ದಣಿವು ಅವಳಿಗೆ ಹೊಸ ಸಂಗತಿಯಾಗಿ ಉಳಿದಿರಲಿಲ್ಲ. ಬೆಳಿಗ್ಗೆ ಏಳುವಾಗಲೇ ಹಾಸಿಗೆಯ ಪಕ್ಕ ಚಪ್ಪಲಿಯ ಹಾಗೆ ಕಾದಿರುತ್ತಿತ್ತು. ಯಂತ್ರದೊಳಗೆ ಗಾಳಿ ಇರಕೂಡದು. ಅದನ್ನು ಹೀರಲು ಎರಡು ಪಂಪುಗಳು ಹಗಲೂ ರಾತ್ರಿ ಗುಯ್ಯೆನ್ನುತ್ತಿದ್ದವು, ಆ ಸದ್ದು ಕಿವಿಯಲ್ಲಿ ಮನೆ ಮಾಡಿಕೊಂಡು ರಜೆಯ ದಿನವೂ ಬಾಡಿಗೆ ಕೊಡದೆ ಕುಳಿತಿರುತ್ತಿತ್ತು. ಪಂಪಿನ ಎಣ್ಣೆ ಬದಲಿಸಲು ಬಗ್ಗಿ ಬಗ್ಗಿ ಸೊಂಟ ಹೋಗಿತ್ತು. ಪರದೆಯ ಮೇಲಿನ ಗೆರೆ ನೋಡಿ ನೋಡಿ ಕಣ್ಣು ಹೋಗಿತ್ತು. ಇಬ್ಬರು ಮಾಡಬೇಕಾದ ಕೆಲಸಕ್ಕೆ ಅವಳೊಬ್ಬಳೇ ಇದ್ದಳು, ಎರಡನೆಯವರನ್ನು ಕೊಡುತ್ತೇವೆಂದು ಹೇಳುತ್ತಲೇ ಮೇಲಿನವರು ಒಬ್ಬೊಬ್ಬರಾಗಿ ನಿವೃತ್ತರಾಗಿ ಹೋಗಿದ್ದರು.

ಬೋನು ಎಂದರೆ ಅದಕ್ಕೆ ಕಂಬಿಯಿಲ್ಲ, ಬಾಗಿಲಿಲ್ಲ. ಮುಷ್ಟಿಯಲ್ಲಿ ಮುಚ್ಚಿಟ್ಟುಕೊಳ್ಳಬಹುದಾದಷ್ಟು ಸಣ್ಣ ಲೋಹದ ಉಂಗುರ, ಅದರ ಮೇಲೊಂದು ಕೆಳಗೊಂದು ಮುಚ್ಚಳ, ಮುಚ್ಚಳಗಳ ನಡುಮಧ್ಯೆ ಸೂಜಿ ತೂರುವಷ್ಟು ತೂತು. ಪರೀಕ್ಷೆಗೆ ಬಂದ ದ್ರವವನ್ನು ಸಣ್ಣಗೆ ಸಿಂಪಡಿಸಿ, ಅದರ ಅಣುಗಳಿಗೆ ವಿದ್ಯುತ್ತಿನ ಚಾರ್ಜು ಹತ್ತಿಸಿ, ಒಂದು ತೂತಿನಿಂದ ಒಳಗೆ ಬಿಡುತ್ತಾರೆ. ಚಾರ್ಜು ಹತ್ತಿದ ಅಣುವಿಗೆ ಅಯಾನು ಎಂದು ಹೆಸರು. ಅದನ್ನು ಅದರ ಪಾಡಿಗೆ ಬಿಟ್ಟರೆ ಗೋಡೆಗೆ ಬಡಿದು ಲೆಕ್ಕದಿಂದ ಹೋಗುತ್ತದೆ. ಹಾಗಾಗದಂತೆ ಉಂಗುರದ ವೋಲ್ಟೇಜನ್ನು ಕಣ್ಣು ಮಿಟುಕಿಸುವುದರೊಳಗೆ ಲಕ್ಷಾಂತರ ಸಲ ಹಿಂದೆಮುಂದೆ ಮಾಡುತ್ತಾರೆ. ಅಗಲವಾದ ತಟ್ಟೆಯಲ್ಲಿ ಒಂದು ಬಟಾಣಿ ಇಟ್ಟುಕೊಂಡು, ಅದು ಅಂಚಿಗೆ ಉರುಳುವಷ್ಟರಲ್ಲಿ ಆ ಕಡೆ ಎತ್ತಿ, ಈ ಕಡೆ ಬರುವಷ್ಟರಲ್ಲಿ ಈ ಕಡೆ ಎತ್ತಿ, ಬೀಳದಂತೆ ಆಡಿಸುವುದಿಲ್ಲವೇ, ಹಾಗೆ. ಜೊತೆಗೆ ಒಂದಿಷ್ಟು ಹೀಲಿಯಂ ಅನಿಲವನ್ನೂ ಬಿಟ್ಟಿರುತ್ತಾರೆ. ಅದಕ್ಕೆ ಡಿಕ್ಕಿ ಹೊಡೆದು ಹೊಡೆದು ಅಯಾನುಗಳ ಹಾರಾಟ ತಗ್ಗುತ್ತದೆ, ಸುಸ್ತಾಗಿ ಬೋನಿನ ನಡುವೆ ಒಂದು ಕಡೆ ಗುಂಪುಗೂಡುತ್ತವೆ. ಸುಸ್ತಾದವರನ್ನು ಹಿಡಿದಿಡುವುದು ಎಲ್ಲಿಯಾದರೂ ಸುಲಭವೇ, ಅದನ್ನು ಬೋನಕ್ಕನಿಗೆ ಯಾರೂ ಹೇಳಿಕೊಡಬೇಕಾಗಿರಲಿಲ್ಲ.

ಆಮೇಲೆ ವೋಲ್ಟೇಜನ್ನು ಮೆಲ್ಲಗೆ ಏರಿಸುತ್ತ ಹೋದರೆ ಒಂದೊಂದು ತೂಕದವು ಒಂದೊಂದು ಹಂತದಲ್ಲಿ ಕಾಲು ಕಳೆದುಕೊಳ್ಳುತ್ತವೆ. ಹಗುರಾದವು ಮೊದಲು, ಭಾರದವು ಕೊನೆಗೆ, ಸರತಿಯಲ್ಲಿ ಇನ್ನೊಂದು ತೂತಿನಿಂದ ಹೊರಬಿದ್ದು ಎಣಿಸುವ ಫಲಕಕ್ಕೆ ಬಡಿಯುತ್ತವೆ. ಯಾವ ಹಂತದಲ್ಲಿ ಬಿತ್ತು ಎನ್ನುವುದರಿಂದ ತೂಕ ಗೊತ್ತಾಗುತ್ತದೆ, ಪರದೆಯ ಮೇಲೆ ಆ ತೂಕದ ಜಾಗದಲ್ಲಿ ಒಂದು ಗೆರೆ ಏಳುತ್ತದೆ. ಆದರೆ ಎರಡು ಬೇರೆ ಬೇರೆ ವಸ್ತುಗಳ ತೂಕ ಒಂದೇ ಇರಬಹುದು. ಅದಕ್ಕೇ ಬೇಕಾದ ತೂಕದ್ದನ್ನಷ್ಟೇ ಬೋನಿನಲ್ಲಿ ಉಳಿಸಿಕೊಂಡು, ಮಿಕ್ಕವನ್ನೆಲ್ಲ ಹೊರಗಟ್ಟಿ, ಉಳಿದದ್ದನ್ನು ಅಲ್ಲಾಡಿಸಿ ಹೀಲಿಯಂಗೆ ಬಡಿಸಿ ಒಡೆದು, ಚೂರುಗಳ ತೂಕವನ್ನೂ ನೋಡುತ್ತಾರೆ. ತೂಕ ಒಂದೇ ಇದ್ದರೂ ಒಡೆಯುವ ರೀತಿ ಒಂದೇ ಇರುವುದು ಅಪರೂಪ. ಬೋನಕ್ಕ ಇಷ್ಟು ವರ್ಷ ಹೊಟ್ಟೆ ಹೊರೆದದ್ದು ಈ ಒಂದು ಮಾತಿನಿಂದ.

ಅವಳು ಮದುವೆಯಾಗಿರಲಿಲ್ಲ. ಯಾಕೆ ಎಂದು ಕೇಳುವವರು ಕೇಳಿ ಕೇಳಿ ಬಾಯಿ ನೋಯಿಸಿಕೊಂಡು ಬಿಟ್ಟಿದ್ದರು. ತಮ್ಮ, ತಮ್ಮನ ಹೆಂಡತಿ ಮತ್ತು ಅವಳು ಒಂದೇ ಮನೆಯಲ್ಲಿದ್ದರು. ಕೆಳಗೆ ಅಡುಗೆಮನೆ ಮತ್ತು ಅವರ ಕೋಣೆ, ಕಿರಿದಾದ ಮೆಟ್ಟಿಲೇರಿದರೆ ಇವಳ ಕೋಣೆ. ತಮ್ಮ ಅವಳಿಗಿಂತ ಹನ್ನೆರಡು ವರ್ಷ ಚಿಕ್ಕವನು. ಅವರ ಅಮ್ಮ ಕೆಲಸಕ್ಕೆ ಹೋಗುತ್ತಿದ್ದ ಕಾಲದಲ್ಲಿ ಅವನನ್ನು ಸೊಂಟದ ಮೇಲೆ ಹೊತ್ತು ತಿರುಗಿ, ಉಗುರು ಕತ್ತರಿಸಿ, ಮಗ್ಗಿ ಬಾಯಿಪಾಠ ಮಾಡಿಸಿದವಳು ಇವಳೇ. ಬಾಲ್ಯದಲ್ಲಿ ಅವನು ಮಾಡಿದ ಪ್ರತಿ ಜಗಳಕ್ಕೂ "ಬೇಕಾದ್ರೆ ನಮ್ಮಕ್ಕನ್ನ ಕೇಳು" ಎನ್ನುವುದೇ ಕೊನೆಯ ಸಾಕ್ಷಿ. ಆ ಚಾಳಿ ಮೀಸೆ ಬಂದ ಮೇಲೂ ಬಿಟ್ಟಿರಲಿಲ್ಲ.

ತಮ್ಮ ಊರಂಚಿನ ಗಾಜಿನ ಮನೆಗಳಲ್ಲಿ ಕೆಲಸಕ್ಕಿದ್ದ. ಅಲ್ಲಿ ಹೂ ಬೆಳೆದು, ಒಂದೇ ಉದ್ದಕ್ಕೆ ಕತ್ತರಿಸಿ, ಕಟ್ಟು ಕಟ್ಟಿ ಹೊರಗೆ ಕಳಿಸುತ್ತಿದ್ದರು. ಹೂಗಳಿಗೆ ಹುಳ ಹತ್ತದಂತೆ ಸಿಂಪಡಿಸುತ್ತಿದ್ದ ಹಳೆಯ ಔಷಧಿಯೊಂದನ್ನು ಸರ್ಕಾರ ನಿಲ್ಲಿಸಿ ಸಾಕಷ್ಟು ಕಾಲವಾಗಿತ್ತು. ಅದರ ವಾಸನೆಗೆ ಕೆಲಸಗಾರರು ಅದನ್ನು ಬೆಳ್ಳುಳ್ಳಿ ಎಂದೇ ಕರೆಯುತ್ತಿದ್ದರು. ಹೊಸ ಡಬ್ಬಿ ಬಂತು, ಹೊಸ ಚೀಟಿ ಬಂತು, ವಾಸನೆ ಮಾತ್ರ ಹಳೆಯದೇ. ತಮ್ಮನಿಗೆ ತಲೆನೋವು, ಕಣ್ಣಲ್ಲಿ ನೀರು, ಸಂಜೆಯಾದರೆ ಹೊಟ್ಟೆ ತೊಳಸು. ಬೇರೆಯವರೂ ಒಳಗೊಳಗೆ ಗೊಣಗುತ್ತಿದ್ದರು. ಗೊಣಗದೆ ಬಾಯಿಬಿಟ್ಟು ಹೇಳಿದವನು ಇವನೊಬ್ಬ: "ಡಬ್ಬಿ ಹೊಸದು, ಒಳಗಿರೋದು ಬೆಳ್ಳುಳ್ಳೀನೇ." ಮೇಸ್ತ್ರಿ ಮುಖ ಗಂಟು ಹಾಕಿದ. ಮಾತು ಬೆಳೆದು ಬೆಳೆದು ಕಾರ್ಮಿಕರ ಇನ್‌ಸ್ಪೆಕ್ಟರ್ ಬಂದರು. ಮೈಮೇಲೆ ಬೀಳುವುದನ್ನು ಹೀರಿಕೊಳ್ಳಲೆಂದು ಕೆಲಸಗಾರರ ಅಂಗಿಗಳಿಗೆ ಹತ್ತಿಬಟ್ಟೆಯ ಚೌಕಗಳನ್ನು ಪಿನ್ನು ಮಾಡಿ, ಒಂದು ದಿನದ ಕೆಲಸ ಮುಗಿದ ಮೇಲೆ ಬಿಚ್ಚಿಸಿ, ಪೊಟ್ಟಣ ಕಟ್ಟಿ, ಪರೀಕ್ಷಾಲಯಕ್ಕೆ ಕಳಿಸಿದರು.

ಪೊಟ್ಟಣಗಳ ಮೇಲೆ ಹೆಸರಿರಲಿಲ್ಲ, ನಂಬರು ಮಾತ್ರ. ಆದರೂ ಎಲ್ಲಿಂದ ಬಂದದ್ದೆಂದು ಬೋನಕ್ಕನಿಗೆ ಗೊತ್ತಾಗದೆ ಇರುತ್ತದೆಯೇ? ಅವಳು ಪರೀಕ್ಷಾಲಯದ ಮುಖ್ಯಸ್ಥರ ಕೋಣೆಗೆ ಹೋದಳು. ಅವರಿಗೆ ಎಲ್ಲರೂ ಇಟ್ಟ ಹೆಸರು ನಾಳೆ ಸಾಹೇಬರು. ಒಳ್ಳೆಯ ಮನುಷ್ಯ, ಯಾರಿಗೂ ಇಲ್ಲ ಎಂದವರಲ್ಲ, ಯಾರಿಗೂ ಇವತ್ತು ಎಂದವರೂ ಅಲ್ಲ.

"ಸಾರ್, ಇದರಲ್ಲಿ ನನ್ನ ತಮ್ಮನದ್ದೂ ಇದೆ. ನಾನು ಮಾಡಬಾರದು."

"ನೀನಲ್ದೆ ಇನ್ಯಾರಮ್ಮ ಮಾಡೋದು? ನಾನು ಮಾಡ್ಲಾ? ಯಂತ್ರ ಯಾವ ಕಡೆಯಿಂದ ಶುರುವಾಗುತ್ತೆ ಅನ್ನೋದೇ ನನಗೆ ಮರ್ತೋಗಿದೆ."

"ನಾಳೆ ಯಾರಾದ್ರೂ, ತಮ್ಮನಿಗೋಸ್ಕರ ಬರೆದುಕೊಟ್ಟಳು ಅಂದ್ರೆ?"

"ನಿಯಮ ಇದೆಯಲ್ಲ. ನಿಯಮದ ಪ್ರಕಾರ ಹೋಗು. ಆಗ ಯಾರು ಏನಂದ್ರೂ ನಿನಗೆ ತಾಗಲ್ಲ."

ಈ ಮಾತು ಅವಳ ತಲೆಯಲ್ಲಿ ಮೊಳೆ ಹೊಡೆದ ಹಾಗೆ ಕೂತಿತು. ಬಟ್ಟೆಯ ಚೌಕಗಳನ್ನು ದ್ರಾವಣದಲ್ಲಿ ನೆನೆಸಿ, ಹಿಂಡಿ, ಸೋಸಿ, ಬೋನಿಗೆ ಹಾಕಿದಳು. ನಿಯಮ ಮುಖ್ಯ ಕಚೇರಿಯಿಂದ ಬಂದದ್ದು. ಆ ಹಳೆಯ ಔಷಧಿಯ ಅಯಾನಿನ ತೂಕ, ಅಣುಗಳನ್ನು ತೂಗುವ ಲೆಕ್ಕದಲ್ಲಿ, ಮುನ್ನೂರೈವತ್ತು. ಅದನ್ನು ಒಡೆದಾಗ ನೂರ ತೊಂಬತ್ತೆಂಟರ ದೊಡ್ಡ ಚೂರು ಬರಬೇಕು, ತೊಂಬತ್ತೇಳರ ಚಿಕ್ಕ ಚೂರೂ ಬರಬೇಕು. ಎರಡೂ ಕಂಡರೆ ಮಾತ್ರ "ಇದೆ" ಎಂದು ಬರೆಯಬೇಕು. ಒಂದೇ ಕಂಡರೆ "ದೃಢಪಟ್ಟಿಲ್ಲ".

ದೊಡ್ಡ ಚೂರು ಕಂಡಿತು. ಒಂದರಲ್ಲಲ್ಲ, ಎರಡರಲ್ಲಲ್ಲ, ಹೆಚ್ಚುಕಡಿಮೆ ಎಲ್ಲದರಲ್ಲೂ ಗೆರೆ ನೆಟ್ಟಗೆ ಎದ್ದು ನಿಂತಿತ್ತು. ಚಿಕ್ಕ ಚೂರಿನ ಜಾಗ ಮಾತ್ರ ಗುಡಿಸಿಟ್ಟ ಅಂಗಳದ ಹಾಗೆ ಖಾಲಿ. ಬೇರೆ ದಿನವಾಗಿದ್ದರೆ ಅವಳು ಕುರ್ಚಿ ಹಿಂದೆ ತಳ್ಳಿ, ಇದೇನಪ್ಪಾ ಇದು, ಒಂದು ಕಾಲು ಇಷ್ಟು ಗಟ್ಟಿಯಾಗಿರುವಾಗ ಇನ್ನೊಂದು ಕಾಲು ಎಲ್ಲಿ ಹೋಯಿತು ಎಂದು ಹುಡುಕಲು ಶುರುಮಾಡುತ್ತಿದ್ದಳು. ಹುಡುಕಬೇಕೆಂದು ಅನ್ನಿಸಿತು ಕೂಡ. ಅನ್ನಿಸಿದ ಕೂಡಲೇ ಅವಳಿಗೆ ತನ್ನ ಮೇಲೇ ಅನುಮಾನ ಬಂತು: ಹುಡುಕುತ್ತಿರುವುದು ಪರೀಕ್ಷೆ ಮಾಡುವವಳೋ, ಅಕ್ಕನೋ? ಅಂದು ಪಂಪಿನ ಕೊಳವೆ ಬೇರೆ ಸೋರುತ್ತಿತ್ತು, ಮಧ್ಯಾಹ್ನವೆಲ್ಲ ನೆಲದ ಮೇಲೆ ಕೂತು ನಟ್ಟು ಬಿಗಿದು ಕೈ ಸೋತಿತ್ತು. ನಿಯಮದ ಪ್ರಕಾರ ಹೋಗು ಎಂದಿದ್ದರು, ಹೋದಳು. ಎಲ್ಲ ನಂಬರುಗಳ ಮುಂದೆಯೂ "ದೃಢಪಟ್ಟಿಲ್ಲ" ಎಂದು ಬರೆದು ಸಹಿ ಹಾಕಿದಳು. ಮನೆಗೆ ಹೋಗುವಾಗ, ತಾನು ಯಾರ ಪರವಾಗಿಯೂ ನಡೆದುಕೊಳ್ಳಲಿಲ್ಲ ಎಂಬ ಸಣ್ಣ ಹೆಮ್ಮೆಯೂ ಅವಳಿಗಿತ್ತು ಎನ್ನುವುದನ್ನು ಮುಚ್ಚಿಟ್ಟು ಪ್ರಯೋಜನವಿಲ್ಲ.

ಆ ಒಂದು ಪದವನ್ನು ಗಾಜಿನ ಮನೆಯವರು ಹಿಡಿದುಕೊಂಡ ರೀತಿಯೇ ಬೇರೆ. ವರದಿಯ ಪ್ರತಿಯನ್ನು ಗೇಟಿನ ಪಕ್ಕ ಅಂಟಿಸಿ, ಔಷಧಿ ಇಲ್ಲವೆಂದು ಪರೀಕ್ಷೆಯಲ್ಲಿ ಸಾಬೀತಾಗಿದೆ ಎಂದು ಮೇಸ್ತ್ರಿ ಓದಿ ಹೇಳಿದ. ಓದು ಬರದವರು ಕೇಳಿದರು, ಬರುವವರೂ ಹತ್ತಿರ ಹೋಗಿ ನೋಡಲಿಲ್ಲ. ತಮ್ಮನನ್ನು ಕರೆಸಿ, ಕೆಲಸ ಬೇಕೆಂದರೆ ಎಲ್ಲರೆದುರು ನಿಂತು ತಾನು ಹೇಳಿದ್ದು ಸುಳ್ಳು ಎಂದು ಒಪ್ಪಿಕೊಳ್ಳಬೇಕು, ವಾರದ ಕೊನೆಯವರೆಗೆ ಸಮಯ ಎಂದರು. ಇಲ್ಲದಿದ್ದರೆ ಹೊರಗೆ. ಜೊತೆಗೆ ಕೂತು ಊಟ ಮಾಡುತ್ತಿದ್ದವರು ಡಬ್ಬಿ ತೆಗೆದುಕೊಂಡು ಬೇರೆ ಕಡೆ ಕೂರತೊಡಗಿದರು. ಅವನಿಂದಾಗಿ ಮೈಮೇಲೆ ಬಟ್ಟೆ ಚುಚ್ಚಿಸಿಕೊಂಡು ನಗೆಪಾಟಲಾದೆವು ಎಂಬ ಸಿಟ್ಟು ಅವರದು.

ಮನೆಯಲ್ಲಿ ಯಾರೂ ಜಗಳವಾಡಲಿಲ್ಲ. ಆಡಿದ್ದರೆ ಎಷ್ಟೋ ಚೆನ್ನಾಗಿತ್ತು. ತಮ್ಮ ತಟ್ಟೆಯ ಮುಂದೆ ಕೂತು, ಬೆರಳಾಡಿಸಿ, ಎದ್ದು ಹೋಗುತ್ತಿದ್ದ. ತಮ್ಮನ ಹೆಂಡತಿ ಬಡಿಸುವಾಗ ಪಾತ್ರೆಯ ಸದ್ದು ಮಾತ್ರ ಸ್ವಲ್ಪ ಜಾಸ್ತಿಯಾಗಿತ್ತು.

"ಅತ್ತಿಗೆ, ನೀವು ಒಂದು ಮಾತು ಮೊದ್ಲೇ ಹೇಳಿದ್ರೆ ಇವರು ಬಾಯಿ ಬಿಡ್ತಿರ್ಲಿಲ್ಲ" ಎಂದಳು ಒಂದು ಸಂಜೆ, ಬಟ್ಟೆ ಮಡಚುತ್ತ.

"ಏನು ಹೇಳ್ಬೇಕಿತ್ತು?"

"ಆ ಯಂತ್ರ ಮಾಲೀಕರ ಕಡೆ ಅಂತ."

"ಯಂತ್ರ ಯಾರ ಕಡೆನೂ ಅಲ್ಲ ಕಣೆ."

"ಹಾಗಾದ್ರೆ ಇವರು ಸುಳ್ಳುಗಾರರು ಅಂತಾಯ್ತು" ಎಂದು ಅವಳು ಬಟ್ಟೆಯ ರಾಶಿ ಎತ್ತಿಕೊಂಡು ಒಳಗೆ ಹೋದಳು.

ತಮ್ಮ ಮೆಟ್ಟಿಲ ಬುಡದಲ್ಲಿ ಕೂತು ಇದನ್ನೆಲ್ಲ ಕೇಳಿಸಿಕೊಂಡಿದ್ದ. ಬೋನಕ್ಕ ತನ್ನ ಕೋಣೆಗೆ ಹೋಗಬೇಕಾದರೆ ಅವನನ್ನು ದಾಟಬೇಕು. ಅವನು ಜರುಗಲಿಲ್ಲ.

"ಅಕ್ಕ, ನಿಜ ಹೇಳು. ನಿನ್ನ ಯಂತ್ರಕ್ಕೆ ಏನೂ ಕಾಣ್ಲಿಲ್ವಾ?"

"ದೃಢವಾಗ್ಲಿಲ್ಲ ಅಂತ ಬರೆದದ್ದು. ಇಲ್ಲ ಅಂತ ಬರೆದಿಲ್ಲ."

"ಎರಡಕ್ಕೂ ಏನು ವ್ಯತ್ಯಾಸ?"

ಅವಳ ಬಳಿ ಉತ್ತರವಿತ್ತು. ತುಂಬಾ ಸರಿಯಾದ, ಯಾರೂ ತಪ್ಪು ಹುಡುಕಲಾಗದ ಉತ್ತರ. ಆದರೆ ಅವನ ಕಣ್ಣಿನ ಕೆಳಗಿನ ಕಪ್ಪು ನೋಡಿ ಅದನ್ನು ಅಲ್ಲೇ ಬಿಟ್ಟಳು.

"ನಿಂಗೆ ವಾಸನೆ ಬಂದಿದ್ದು ನಿಜಾನಾ?" ಎಂದು ಮಾತ್ರ ಕೇಳಿದಳು.

ಕೇಳಬಾರದಿತ್ತು. ಅವನು ಪಕ್ಕಕ್ಕೆ ಜರುಗಿ ದಾರಿ ಬಿಟ್ಟ.

ಮರುದಿನ ಬೆಳಿಗ್ಗೆ ಬೋನಕ್ಕ ಕೋಟು ಹಾಕಿಕೊಳ್ಳುವ ಮೊದಲೇ ಪರದೆಯ ಮುಂದೆ ಕೂತಳು. ಪ್ರತಿದಿನ ಕೆಲಸ ಶುರುಮಾಡುವಾಗ ಶುದ್ಧ ಔಷಧಿಗಳ ಒಂದು ದ್ರಾವಣವನ್ನು ಯಂತ್ರಕ್ಕೆ ಕೊಟ್ಟು, ಅದು ಸರಿಯಾಗಿ ಗುರುತಿಸುತ್ತದೆಯೇ ಎಂದು ಪರೀಕ್ಷಿಸುವುದು ರೂಢಿ. ಎಲ್ಲ ಸರಿಯಿದ್ದರೆ ಪರದೆಯ ಮೂಲೆಯಲ್ಲಿ ಹಸಿರು ಗುರುತು ಬರುತ್ತದೆ. ಬಟ್ಟೆಯ ಚೌಕಗಳನ್ನು ನೋಡಿದ ದಿನವೂ ಬಂದಿತ್ತು. ದಣಿದ ಕಣ್ಣಿಗೆ ಹಸಿರು ಕಂಡರೆ ಸಾಕು, ಅದರ ಹಿಂದೆ ಏನಿದೆಯೆಂದು ಅವಳು ಎಷ್ಟೋ ಕಾಲದಿಂದ ಬಿಚ್ಚಿ ನೋಡಿರಲಿಲ್ಲ. ಅಂದಿನ ದಾಖಲೆಯನ್ನು ಈಗ ಬಿಚ್ಚಿದಳು. ಶುದ್ಧ ಔಷಧಿ, ಅದರ ನೂರ ತೊಂಬತ್ತೆಂಟರ ಗೆರೆ ಕಟ್ಟಡದ ಹಾಗೆ ಎದ್ದಿದೆ. ತೊಂಬತ್ತೇಳರ ಜಾಗ ಖಾಲಿ.

ಶುದ್ಧ ಔಷಧಿಯಲ್ಲೇ ಇಲ್ಲ. ಹಸಿರು ಗುರುತು ದೊಡ್ಡ ಚೂರನ್ನು ಮಾತ್ರ ನೋಡಿ ಸೈ ಎಂದಿತ್ತು. ಬಂದ ಬಟ್ಟೆಗಳಿಗೆ ಮಾತ್ರ ಎರಡು ಚೂರಿನ ನಿಯಮ.

ಅವಳಿಗೆ ಎದೆ ಧಸಕ್ಕೆಂದಿತು. ಅದು ಗೊತ್ತಿಲ್ಲದ್ದು ಗೊತ್ತಾದ ಧಸಕ್ಕಲ್ಲ, ಗೊತ್ತಿದ್ದದ್ದೇ ಎದುರು ಬಂದು ನಿಂತ ಧಸಕ್ಕು. ಬೋನಿನ ಬಗ್ಗೆ ಪಾಠ ಮಾಡುವಾಗ ಅವಳೇ ಮೊದಲು ಹೇಳುತ್ತಿದ್ದ ಮಾತು ಅದು. ಅಯಾನನ್ನು ಒಡೆಯಬೇಕಾದರೆ ಅದನ್ನು ಬೋನಿನಲ್ಲಿ ಬಿಗಿಯಾಗಿ ಹಿಡಿದಿರಬೇಕು, ಸಡಿಲವಾಗಿ ಹಿಡಿದರೆ ಒಡೆಯುವ ಮೊದಲೇ ನುಣುಚಿಕೊಂಡು ಹೋಗುತ್ತದೆ. ಆದರೆ ದೊಡ್ಡದನ್ನು ಬಿಗಿಯಾಗಿ ಹಿಡಿಯುವಷ್ಟು ವೋಲ್ಟೇಜು ಇಟ್ಟಾಗ, ಅದರಿಂದ ಸಿಡಿದ ತೀರಾ ಹಗುರಾದ ಚೂರುಗಳಿಗೆ ಅಲ್ಲಿ ನಿಲ್ಲಲಾಗುವುದಿಲ್ಲ. ಹುಟ್ಟಿದ ಕೂಡಲೇ ಗೋಡೆಗೆ ಬಡಿದು ಹೋಗುತ್ತವೆ. ಮೂಲದ ತೂಕದ ಸುಮಾರು ಮೂರನೇ ಒಂದು ಪಾಲಿಗಿಂತ ಕಡಿಮೆ ಇದ್ದರೆ ಅದು ಕಾಣುತ್ತದೆಂದು ಕಾಯಬೇಡಿ ಎಂದು ಹೊಸಬರಿಗೆ ಹೇಳುತ್ತಿದ್ದಳು. ಮುನ್ನೂರೈವತ್ತರ ಮೂರನೇ ಒಂದು ಪಾಲು ನೂರು ದಾಟುತ್ತದೆ. ತೊಂಬತ್ತೇಳು ಅದರ ಕೆಳಗೆ. ಮುಖ್ಯ ಕಚೇರಿಯಲ್ಲಿರುವುದು ಬೋನಿಲ್ಲದ ಯಂತ್ರ. ಅದು ಅಯಾನುಗಳನ್ನು ಹಿಡಿದಿಡುವುದಿಲ್ಲ, ಓಡುವ ದಾರಿಯಲ್ಲೇ ಒಡೆದು, ಚೂರುಗಳನ್ನು ಹಾಗೇ ಮುಂದಕ್ಕೆ ಸಾಗಿಸುತ್ತದೆ. ಅಲ್ಲಿ ಚಿಕ್ಕ ಚೂರು ಚೆನ್ನಾಗಿ ಕಾಣುತ್ತದೆ. ಅಲ್ಲಿ ಬರೆದ ನಿಯಮವನ್ನು ಇಲ್ಲಿಗೆ ಕಳಿಸಿದ್ದರು, ಇವಳು ತೆಗೆದುಕೊಂಡಿದ್ದಳು. ಇಲ್ಲದ್ದನ್ನು ಇಲ್ಲ ಎಂದು ಬೋನು ಹೇಳಿರಲಿಲ್ಲ. ತನ್ನಲ್ಲಿ ನಿಲ್ಲಲಾರದ್ದು ನಿಂತಿಲ್ಲ ಎಂದಷ್ಟೇ ಹೇಳಿತ್ತು. ಆ ಔಷಧಿಯಲ್ಲಿ ಅದ್ದಿ ತೆಗೆದ ಬಟ್ಟೆ ತಂದುಕೊಟ್ಟಿದ್ದರೂ ಈ ನಿಯಮಕ್ಕೆ "ದೃಢಪಟ್ಟಿಲ್ಲ" ಎಂದೇ ಬರುತ್ತಿತ್ತು.

ಅವಳಿಗೆ ಅಳು ಬರಲಿಲ್ಲ. ಅಳುವುದಕ್ಕೂ ಒಂದಿಷ್ಟು ಶಕ್ತಿ ಬೇಕಲ್ಲ. ಎದ್ದು ಶೀತಪೆಟ್ಟಿಗೆಯಿಂದ ಬಟ್ಟೆಯ ದ್ರಾವಣಗಳ ಉಳಿಕೆಯನ್ನು ತೆಗೆದಳು.

ಬೋನಿಗೆ ಒಂದು ಕೊರತೆಯಿದ್ದ ಹಾಗೆ ಒಂದು ದೊಡ್ಡ ಗುಣವೂ ಇದೆ. ಒಮ್ಮೆ ಒಡೆದ ಮೇಲೆ ಬಂದ ಚೂರನ್ನು ಮತ್ತೆ ಅದೇ ಬೋನಿನಲ್ಲಿ ಹಿಡಿದಿಟ್ಟುಕೊಂಡು ಇನ್ನೊಂದು ಸಲ ಒಡೆಯಬಹುದು. ಅವಳು ಮುನ್ನೂರೈವತ್ತನ್ನು ಒಡೆದಳು, ಬಂದದ್ದರಲ್ಲಿ ನೂರ ತೊಂಬತ್ತೆಂಟನ್ನು ಮಾತ್ರ ಉಳಿಸಿ ಮಿಕ್ಕವನ್ನು ಹೊರಹಾಕಿದಳು, ಅದನ್ನೂ ಒಡೆದಳು. ಮೊದಲು ಶುದ್ಧ ಔಷಧಿಯನ್ನು, ಆಮೇಲೆ ಬಟ್ಟೆಯವನ್ನು ಒಂದೊಂದಾಗಿ. ಮಧ್ಯೆ ಮಧ್ಯೆ ಬರಿಯ ದ್ರಾವಕ ಹಾಕಿ, ಹಿಂದಿನದರ ಜಿಡ್ಡು ಉಳಿದು ಮೋಸ ಮಾಡುತ್ತಿಲ್ಲ ಎಂದು ಖಾತ್ರಿ ಮಾಡಿಕೊಂಡಳು. ಊಟಕ್ಕೆ ಏಳಲಿಲ್ಲ. ಸಂಜೆಯಾಗುವಷ್ಟರಲ್ಲಿ ಶುದ್ಧ ಔಷಧಿಯ ಚೂರುಗಳ ಗೆರೆಗಳನ್ನೂ ಬಟ್ಟೆಗಳ ಗೆರೆಗಳನ್ನೂ ಒಂದರ ಮೇಲೊಂದು ಇಟ್ಟು ನೋಡಿದರೆ ಕೂದಲೆಳೆಯ ವ್ಯತ್ಯಾಸವಿರಲಿಲ್ಲ. ತಮ್ಮನ ಮೂಗು ಸರಿಯಾಗಿಯೇ ಇತ್ತು.

ನಾಳೆ ಸಾಹೇಬರು ಹಾಳೆಗಳನ್ನು ಒಂದೊಂದಾಗಿ ತಿರುವಿ ನೋಡಿ, ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು.

"ನೀನು ಹೇಳೋದು ಅರ್ಥ ಆಗ್ತಿದೆ. ಆದ್ರೆ ಮೊದಲು ಒಂದು ಕೊಟ್ಟು ಈಗ ಇನ್ನೊಂದು ಕೊಟ್ರೆ, ಅದೂ ನಿನ್ನ ತಮ್ಮ ಇರೋ ಕಡೆ... ಮುಖ್ಯ ಕಚೇರಿಗೆ ಕಳಿಸೋಣ. ಅವರು ನೋಡ್ಲಿ."

"ಅವರು ನೋಡೋ ಹೊತ್ತಿಗೆ ಅವನು ಎಲ್ಲರೆದುರು ಸುಳ್ಳುಗಾರ ಅಂತ ಒಪ್ಕೊಂಡಾಗಿರುತ್ತೆ ಸಾರ್. ನಾಳೆನೇ ಕೊನೆ ದಿನ."

"ಮನೆ ವಿಷಯ ಇಲ್ಲಿ ತರಬಾರದಮ್ಮ."

"ಮನೆ ವಿಷಯ ಬಿಡಿ. ತಪ್ಪು ವರದಿ ಒಂದು ಗೇಟಿನ ಮೇಲೆ ಅಂಟಿಕೊಂಡಿದೆ. ಅದರ ಕೆಳಗೆ ನನ್ನ ಸಹಿ ಇದೆ, ನಿಮ್ಮದೂ ಇದೆ."

ತಮ್ಮದೇ ಸಹಿಯ ಮಾತು ಬಂದದ್ದಕ್ಕೋ, ಅಥವಾ ಬಾಗಿಲ ಚೌಕಟ್ಟಿಗೆ ಒರಗಿ ನಿಂತ ಈ ಹೆಂಗಸು ಕುರ್ಚಿಯಲ್ಲಿ ಕೂತರೆ ಮತ್ತೆ ಏಳುವುದಿಲ್ಲ ಎಂದು ಕಂಡದ್ದಕ್ಕೋ, ಅವರು ಹಾಳೆಯನ್ನು ಹತ್ತಿರಕ್ಕೆಳೆದುಕೊಂಡರು. ತಿದ್ದಿದ ವರದಿ, ಮುಖ್ಯ ಕಚೇರಿಯ ಮರುಪರೀಕ್ಷೆಗೆ ಒಳಪಟ್ಟಿದೆ ಎಂದು ಕೆಳಗೆ ಬರೆದು ಸಹಿ ಹಾಕಿದರು. ಇನ್‌ಸ್ಪೆಕ್ಟರಿಗೆ ಒಂದು, ಗಾಜಿನ ಮನೆಯವರಿಗೆ ಒಂದು, ಅಂಚೆಯಲ್ಲಿ ಹೋಗಲಿ ಎಂದರು.

"ಅಂಚೆ ಹೋಗೋ ಕಡೆಗೇ ನಾನೂ ಹೋಗ್ತಿದ್ದೀನಿ ಸಾರ್" ಎಂದು ಅವಳು ಎರಡನ್ನೂ ಚೀಲಕ್ಕೆ ಹಾಕಿಕೊಂಡಳು.

ಇನ್‌ಸ್ಪೆಕ್ಟರರ ಕಚೇರಿ ದಾರಿಯಲ್ಲೇ ಇತ್ತು. ಬಾಗಿಲು ಮುಚ್ಚುವ ಹೊತ್ತಿಗೆ ಓಡಿಹೋಗಿ ಅಲ್ಲಿಯದನ್ನು ಕೊಟ್ಟಳು. ಮನೆಗೆ ಬಂದಾಗ ತಮ್ಮ ಮಲಗಿದ್ದಾನೆ, ತಲೆನೋವು, ಎಬ್ಬಿಸಬೇಡಿ ಎಂದಳು ಅವನ ಹೆಂಡತಿ. ಬೆಳಿಗ್ಗೆ ಹೇಳಿದರಾಯಿತು ಎಂದು ಬೋನಕ್ಕ ಮೆಟ್ಟಿಲು ಹತ್ತಿ, ಸೀರೆ ಕೂಡ ಬದಲಿಸದೆ ಒರಗಿದಳು. ಎಷ್ಟೋ ದಿನಗಳ ನಿದ್ದೆ ಒಟ್ಟಿಗೇ ಮೇಲೆ ಬಿದ್ದು, ಕಣ್ಣು ಬಿಡುವಷ್ಟರಲ್ಲಿ ಕಿಟಕಿಯಲ್ಲಿ ಹೊತ್ತೇರಿದ ಬಿಸಿಲು ಬಂದಾಗಿತ್ತು. ಕೆಳಗೆ ತಮ್ಮನ ಚಪ್ಪಲಿ ಇರಲಿಲ್ಲ.

ಬಸ್ಸು ಇಳಿದು ಗಾಜಿನ ಮನೆಗಳ ಗೇಟಿಗೆ ಬಂದಾಗ ಊಟದ ಬಿಡುವು ಶುರುವಾಗಿತ್ತು. ತಮ್ಮ ಗೇಟಿನ ಹೊರಗೆ, ಖಾಲಿ ಪೆಟ್ಟಿಗೆಗಳ ರಾಶಿಯ ಪಕ್ಕ, ಒಂದು ಪೆಟ್ಟಿಗೆ ಮಗುಚಿ ಹಾಕಿಕೊಂಡು ಒಬ್ಬನೇ ಕೂತಿದ್ದ. ಅವಳನ್ನು ನೋಡಿ ಆಶ್ಚರ್ಯವನ್ನೂ ಪಡಲಿಲ್ಲ.

"ಮುಗೀತಕ್ಕ" ಎಂದ. "ಬೆಳಿಗ್ಗೆನೇ ಹೇಳ್ಬಿಟ್ಟೆ. ನಾನು ಹೇಳಿದ್ದು ಸುಳ್ಳು, ಎಲ್ಲರೂ ಕ್ಷಮಿಸಬೇಕು ಅಂತ."

ಅವಳು ಚೀಲದೊಳಗೆ ಹಾಕಿದ ಕೈಯನ್ನು ಹೊರಗೆ ತೆಗೆಯಲಾಗದೆ ನಿಂತಳು. "ಸಂಜೆವರೆಗೆ ಸಮಯ ಇತ್ತಲ್ಲೋ. ಯಾಕೆ ಹೇಳ್ದೆ? ಕೆಲಸ ಹೋಗುತ್ತೆ ಅಂತಾನಾ?"

"ಕೆಲಸ ಹೋದ್ರೆ ಇನ್ನೊಂದು ಸಿಗ್ತಿತ್ತು." ಅವನು ನೆಲ ನೋಡುತ್ತ ಮಾತಾಡಿದ. "ಮೇಸ್ತ್ರಿ ಹೇಳಿದ್ರೆ ನಾನು ನಂಬ್ತಿರ್ಲಿಲ್ಲ. ಮಾಲೀಕ ಹೇಳಿದ್ರೂ ನಂಬ್ತಿರ್ಲಿಲ್ಲ. ಆದ್ರೆ ನೋಡಿದೋಳು ನೀನು. ನೀನು ಇಲ್ಲ ಅಂದ್ಮೇಲೆ ಇರಲ್ಲ ಅಂತ ಗೊತ್ತಲ್ಲ ನಂಗೆ. ನಿನ್ನೆ ಪೂರ್ತಿ ಯೋಚನೆ ಮಾಡ್ದೆ. ನನ್ನ ಮೂಗೇ ಕೆಟ್ಟಿರಬೇಕು, ತಲೆನೋವು ಬೇರೆ ಯಾವುದಕ್ಕೋ ಇರಬೇಕು, ಸುಮ್ನೆ ಅವರ ಮೇಲೆ ಹಾಕ್ದೆ ಅನ್ನಿಸ್ತು. ಅನ್ನಿಸಿದ್ಮೇಲೆ ಹೇಳ್ಬಿಡೋದು ಒಳ್ಳೇದು ಅಂತ ಹೇಳ್ದೆ."

ಇದಕ್ಕಿಂತ ಅವನು ಅವಳ ಕೆನ್ನೆಗೆ ಹೊಡೆದಿದ್ದರೆ ತಡೆದುಕೊಳ್ಳಬಹುದಿತ್ತು. ಅವಳು ಅವನ ಪಕ್ಕದಲ್ಲಿ ನೆಲದ ಮೇಲೇ ಕೂತುಬಿಟ್ಟಳು. ಹಾಳೆಯನ್ನು ತೆಗೆದು ಅವನ ತೊಡೆಯ ಮೇಲಿಟ್ಟಳು.

"ನಿನ್ನ ಮೂಗು ಕೆಟ್ಟಿಲ್ಲ ಕಣೋ. ಬಟ್ಟೆಯಲ್ಲೆಲ್ಲಾ ಅದೇ ಇದೆ. ನಾನು ನೋಡಿದ್ದು ತಪ್ಪು."

ಅವನು ಓದಿದ. ಇನ್ನೊಂದು ಸಲ ಓದಿದ. ಆಮೇಲೆ ಚಿಕ್ಕಂದಿನಲ್ಲಿ ಮಗ್ಗಿ ಒಪ್ಪಿಸಿ, ಸರಿಯಾಯಿತೇ ಎಂದು ಕೇಳುತ್ತಿದ್ದ ಅದೇ ದನಿಯಲ್ಲಿ ಕೇಳಿದ, "ಹಾಗಾದ್ರೆ ನಾನು ಹೇಳಿದ್ದು ನಿಜಾನಾ ಅಕ್ಕ?"

"ನಿಜ. ಮೊದಲಿಂದ್ಲೂ ನಿಜ."

ಅವನು ಹಾಳೆಯನ್ನು ಮಡಚಿ ಅವಳಿಗೇ ವಾಪಸು ಕೊಟ್ಟ. "ಈಗ ಇದನ್ನ ಹಿಡ್ಕೊಂಡು ನಾನು ಹೋದ್ರೆ ಯಾರು ಕೇಳ್ತಾರೆ? ಬೆಳಿಗ್ಗೆ ಒಂದು, ಮಧ್ಯಾಹ್ನ ಒಂದು ಅಂತ ನಗ್ತಾರೆ."

ಅದು ನಿಜವಾಗಿತ್ತು. ಬೋನಕ್ಕ ಮೊಣಕಾಲು ಹಿಡಿದುಕೊಂಡು ಮೆಲ್ಲಗೆ ಎದ್ದಳು. ಜೀವಮಾನದಲ್ಲಿ ನಾಲ್ಕು ಜನರ ಮುಂದೆ ನಿಂತು ಮಾತಾಡಿದವಳಲ್ಲ. ಗೇಟು ದಾಟಿ, ಕೆಲಸಗಾರರು ಸಾಲಾಗಿ ಕೂತು ಉಣ್ಣುತ್ತಿದ್ದ ಉದ್ದನೆಯ ಚಪ್ಪರದೊಳಗೆ ಹೋಗಿ, ಮಧ್ಯದಲ್ಲಿ ನಿಂತಳು. ಒಳಗೆ ಹೂವಿನ ವಾಸನೆಯ ಕೆಳಗೆ ಇನ್ನೊಂದು ವಾಸನೆ ತೆಳ್ಳಗೆ ಹರಡಿತ್ತು. ಅವಳು ಅದನ್ನು ಅಲ್ಲಿಯವರೆಗೆ ತಮ್ಮನ ಅಂಗಿಯ ವಾಸನೆ ಎಂದೇ ತಿಳಿದಿದ್ದಳು.

"ನಿಮ್ಮ ಬಟ್ಟೆ ಚೌಕಗಳನ್ನ ಪರೀಕ್ಷೆ ಮಾಡಿದೋಳು ನಾನು" ಎಂದಳು. ದನಿ ಸಣ್ಣದಾಗಿತ್ತು, ಹತ್ತಿರದವರು ಅಗಿಯುವುದನ್ನು ನಿಲ್ಲಿಸಿದರು, ಅದನ್ನು ನೋಡಿ ದೂರದವರೂ ನಿಲ್ಲಿಸಿದರು. "ನಾನು ಬರೆದು ಕೊಟ್ಟಿದ್ದು ತಪ್ಪು. ಮತ್ತೆ ನೋಡಿದ್ದೀನಿ. ಆ ಹಳೇ ಔಷಧಿ ನಿಮ್ಮ ಬಟ್ಟೆಗಳಲ್ಲಿ ಇದೆ. ನಿಮ್ಮ ಮೈಮೇಲೂ ಬಿದ್ದಿದೆ. ಬೆಳಿಗ್ಗೆ ನಿಮ್ಮ ಮುಂದೆ ಕ್ಷಮೆ ಕೇಳಿದೋನು ಮೊದಲು ಹೇಳಿದ್ದೇ ನಿಜ."

ಮೇಸ್ತ್ರಿ ಕೈ ತೊಳೆಯುತ್ತಿದ್ದವನು ಹಾಗೇ ಒದ್ದೆ ಕೈಯಲ್ಲಿ ಬಂದ. ಹಾಳೆಯನ್ನು ಕಸಿದುಕೊಳ್ಳಲಿಲ್ಲ, ಅದರ ಅಗತ್ಯವೇ ಅವನಿಗೆ ಕಾಣಲಿಲ್ಲ. ಎಲ್ಲರ ಕಡೆ ತಿರುಗಿ ಆರಾಮವಾಗಿ ಹೇಳಿದ, "ಇವರು ಯಾರು ಗೊತ್ತಾಯ್ತಾ? ಅವನ ಅಕ್ಕ. ತಮ್ಮನಿಗೋಸ್ಕರ ಬಂದಿದ್ದಾರೆ."

ಇದೇ ಮಾತಿಗೆ ಹೆದರಿ ಅವಳು ಇಷ್ಟೆಲ್ಲ ಮಾಡಿದ್ದು. ಈಗ ಅದು ಎಲ್ಲರೆದುರು ಬಂದು ನಿಂತಾಗ ಹೆದರಿಕೆಗೆ ಕೂಡ ಅವಳಲ್ಲಿ ತ್ರಾಣವಿರಲಿಲ್ಲ. ಸಾಲಿನ ಕೊನೆಯಲ್ಲಿ ಯಾರೋ ನಕ್ಕರು. ತಮ್ಮ ಗೇಟಿನ ಹತ್ತಿರ ಬಂದು ನಿಂತಿರುವುದು ಕಾಣುತ್ತಿತ್ತು.

"ಹೌದು, ಅಕ್ಕನೇ" ಎಂದಳು. "ಇವನು ನನ್ನ ತಮ್ಮ ಅಂತಾನೇ ನಾನು ಅವತ್ತು ಎರಡನೇ ಸಲ ನೋಡ್ಲಿಲ್ಲ. ನಿಮ್ಮಲ್ಲಿ ಬೇರೆ ಯಾರ ತಮ್ಮ ಆಗಿದ್ರೂ ನೋಡ್ತಿದ್ದೆ."